ನೀಲಿ ಕೋಟಿನ ಹನ್ನೊಂದು ಹೆಂಗಸರು

“ಹನ್ನೊಂದನೇದು ಗ್ವಾಡಿ ಮ್ಯಾಲಿಂದ ಇಳಸ್ರಿ,” ಎಂದು ರತ್ನಮಾಲಾ ಮೂರನೆಯ ಸಲ ಹೇಳಿದಳು.

ಧಮ್ಮಪಾಲ ಕುರ್ಚಿ ಜೋಡಿಸುವುದನ್ನು ನಿಲ್ಲಿಸಲಿಲ್ಲ. “ಹೆಸರು ಹಾಕಬ್ಯಾಡ ಅಂದ್ರಿ, ಹಾಕಿಲ್ಲ. ಈಗ ಫೋಟೋನೂ ಬ್ಯಾಡಂದ್ರ ಹ್ಯಾಂಗ್ರಿ ವೈನಿ?”

“ಅತ್ತಿ ಬರಾಕತ್ತಾಳ. ಆಮ್ರಪಾಲಿ ಇಡೀ ಓಣಿನೇ ಆಟೋದಾಗ ತುಂಬ್ಕೊಂಡು ಬರಾಕತ್ತಾಳಂತ.”

“ಬರ್ಲಿ ಬಿಡ್ರಿ. ಸೋನುಬಾಯಿ ಏನ್ ಹುಲಿನಾ?”

“ನಿಮಗ ಅಲ್ಲ.”

ಅವಳೇ ಒಂದು ಸ್ಟೂಲು ಎಳೆದುಕೊಂಡು ಹತ್ತಿದಳು. ಎಂದೋ ಗಾಡಿಯಿಂದ ಬಿದ್ದು ಮುರಿದ ಎಡ ಮೊಣಕೈ ಸೊಟ್ಟಗೆ ಕೂಡಿತ್ತು; ಫ್ರೇಮಿನ ಮೊಳೆಯವರೆಗೆ ಆ ಕೈ ಹೋಗಲಿಲ್ಲ, ಒಂದೇ ಕೈಗೆ ಫ್ರೇಮು ಏಳಲಿಲ್ಲ. ಇಳಿದಳು.

ಬಸವಕಲ್ಯಾಣದ ಆ ಸಭಾಂಗಣದಲ್ಲಿ ತೂಗಿದ್ದು ಹನ್ನೊಂದು ಫೋಟೋಗಳು. ಎಲ್ಲದರಲ್ಲೂ ರತ್ನಮಾಲಾಳ ಊರು ಮುಡಬಿಯ ಕೂಲಿ ಹೆಂಗಸರು, ಎಲ್ಲರ ಮೈಮೇಲೂ ಒಂದೇ ನೀಲಿ ಕೋಟು. ಸೀರೆಯ ಮೇಲೆ ಗಂಡಸಿನ ಕೋಟು, ಜೇಬಿನಲ್ಲಿ ಪೆನ್ನು. ಒಬ್ಬಳು ಹೆಡ್‌ಮಾಸ್ತರರ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿದ್ದಳು. ಆಮ್ರಪಾಲಿ, ತನ್ನ ಅವ್ವ ಎಂದೂ ಕೂರಲಾಗದಿದ್ದ ದೊಡ್ಡಮನೆಯ ಕಟ್ಟೆಯ ಮೇಲೆ ಮದುವಣಗಿತ್ತಿಯ ಹಾಗೆ ಕುಳಿತಿದ್ದಳು.

ಕೋಟು ರತ್ನಮಾಲಾಳ ಗಂಡ ಉತ್ತಮನದು. ಭೀಮ ಜಯಂತಿಗೆಂದು ಹುಮನಾಬಾದಿನ ಅಬ್ದುಲ್ ಕರೀಂನ ಕೈಯಲ್ಲಿ ಹೊಲಿಸಿ, ಎರಡೇ ವರ್ಷ ತೊಟ್ಟಿದ್ದ. ಧಮ್ಮಪಾಲನ ಜೊತೆ ಹುಮನಾಬಾದಿನಲ್ಲೇ ಫೋಟೋ ಸ್ಟುಡಿಯೊ ನಡೆಸುತ್ತಿದ್ದವನು, ಒಂದು ಜ್ವರದಲ್ಲಿ ಹೋಗಿಬಿಟ್ಟ. ಮಗನ ಕೋಟು, ಕ್ಯಾಮೆರಾ, ಸಾಮಾನನ್ನೆಲ್ಲ ಸೋನುಬಾಯಿ ಟ್ರಂಕಿನಲ್ಲಿಟ್ಟು, ಬೇವಿನ ಎಲೆ ಹಾಕಿ, ಬೀಗ ಜಡಿದಳು. ಸೊಸೆಗೆ ಹೇಳಿದ್ದು ಒಂದೇ ಮಾತು: “ಇದಕ್ಕ ಕೈ ಹಚ್ಚಿದ್ರ ನೀ ನನ್ನ ಸೊಸಿ ಅಲ್ಲ.”

ಮನೆಯಲ್ಲಿ ಇದ್ದವರು ಇಬ್ಬರೇ. ತವರಿನಲ್ಲಿ ರತ್ನಮಾಲಾಳಿಗೆ ಯಾರೂ ಉಳಿದಿರಲಿಲ್ಲ. ಅತ್ತೆ ಚಿಟಗುಪ್ಪದ ಮಗಳ ಮನೆಗೆ ಹೋದಾಗಲೆಲ್ಲ ಬೀಗದ ಕೈ ಮಾತ್ರ ಯಾಕೋ ಗೂಟಕ್ಕೇ ತೂಗುತ್ತಿತ್ತು.

ನೀಲಿ ಕೋಟು ಊರ ತುಂಬ ಇವೆ. ಹತ್ತು ಫೋಟೋಗಳಿಗೆ ಏನಾದರೂ ಸುಳ್ಳು ಹೇಳಬಹುದು. ಹನ್ನೊಂದನೆಯದಕ್ಕೆ ಹೇಳಲಾಗದು.

ಅದರಲ್ಲಿ ತೊಗರಿ ಕೊಯ್ದ ಹೊಲ, ಸಂಜೆಯ ಬಿಸಿಲು. ಕುಡುಗೋಲು ಹಿಡಿದ ಹೆಂಗಸು ಬೆನ್ನು ತಿರುಗಿಸಿ ನಿಂತಿದ್ದಾಳೆ, ಮುಖ ಕಾಣದು. ಕೆಳಗಿನ ಅಂಚಿನಿಂದ ಒಂದು ಉದ್ದ ನೆರಳು ಅವಳ ಹಿಮ್ಮಡಿಯವರೆಗೆ ಚಾಚಿದೆ.

ಬೆಂಗಳೂರಿನ ಒಂದು ಫ್ಯಾಷನ್ ಪತ್ರಿಕೆಯಿಂದ ಬಂದಿದ್ದ ಸಪ್ನಾ ಅದರ ಮುಂದೆಯೇ ಬೇರು ಬಿಟ್ಟಿದ್ದಳು. “ಈ ನೆರಳು ನೋಡಿ. ಮೊಣಕೈ ಎತ್ತಿ ಹೊಡೆಯಲು ಬಂದ ಹಾಗಿದೆ. ಇದು ಅಧಿಕಾರ, ಸರ್ಕಾರ. ಎಷ್ಟು ಯೋಚಿಸಿ ಇಟ್ಟಿದ್ದಾನೆ. ಫೋಟೋಗ್ರಾಫರ್ ಬರುವುದಿಲ್ಲವೇ?”

“ಮನಸಾದ್ರ ಮುಂದ ಬರ್ತಾರ್ರಿ,” ಎಂದ ಧಮ್ಮಪಾಲ.

ಸಪ್ನಾ ಫೋಟೋದಲ್ಲಿನ ಹೆಂಗಸಿನ ಬೆನ್ನನ್ನೂ ರತ್ನಮಾಲಾಳ ಬೆನ್ನನ್ನೂ ಹೋಲಿಸಿ ನೋಡಿದಳು. “ಇದು ನೀವೇ ಅಲ್ಲವೇ?”

“ಆ ಕೋಟು ನಾ ಒಮ್ಮಿನೂ ತೊಟ್ಟಿಲ್ರಿ.”

ಸಪ್ನಾ ನಕ್ಕಳು. ಹಳ್ಳಿ ಹೆಂಗಸಿನ ನಾಚಿಕೆ ಎಂದುಕೊಂಡಳು.

ಹೊರಗೆ ಆಟೋ ನಿಂತ ಸದ್ದಾಯಿತು. ಓಣಿಯೇ ಒಳಗೆ ನುಗ್ಗಿತು. ಆಮ್ರಪಾಲಿ ತನ್ನ ಫೋಟೋದ ಮುಂದೆ ನಿಂತು, “ದೊಡ್ಡಮನಿಯವ್ರು ನೋಡಿದ್ರ ಕಟ್ಟಿ ತೊಳಿಸಿ ತೊಳಿಸಿ ಸವಿಸ್ತಾರ,” ಎಂದಳು. ಎಲ್ಲರೂ ನಕ್ಕರು. ಸೋನುಬಾಯಿ ನಗಲಿಲ್ಲ.

ಜಯಂತಿಗೆ ಮಾತ್ರ ಉಡುವ ಬಿಳಿ ಸೀರೆ ಉಟ್ಟು ಬಂದಿದ್ದಳು ಮುದುಕಿ. ಮೊದಲ ಫೋಟೋದ ಕೋಟಿನ ಗುಂಡಿಯ ಮೇಲೆ ಬೆರಳಿಟ್ಟಳು, ತೆಗೆದಳು. ಎರಡನೆಯದು. ಮೂರನೆಯದು. ಹತ್ತನೆಯದು ಮುಗಿದಾಗ ರತ್ನಮಾಲಾ ಹೋಗಿ ಹನ್ನೊಂದನೆಯದಕ್ಕೆ ಅಡ್ಡ ನಿಂತಳು.

“ಆಚಿ ಸರಿ,” ಎಂದಳು ಸೋನುಬಾಯಿ.

“ಅತ್ತಿ, ಇದು ಛಲೋ ಬಂದಿಲ್ಲ.”

“ಸರಿ ಅಂದೆ.”

ಸರಿದಳು. ಮುದುಕಿಯ ಕಣ್ಣು ನೀಲಿ ಬೆನ್ನಿನ ಮೇಲೆ ನಿಲ್ಲಲೇ ಇಲ್ಲ, ನೇರ ಕೆಳಕ್ಕಿಳಿಯಿತು. ಬಹಳ ಹೊತ್ತು ಅಲ್ಲೇ ಇತ್ತು.

ಸಪ್ನಾಳಿಗೆ ಸುಮ್ಮನಿರಲಾಗಲಿಲ್ಲ. “ಅಜ್ಜಿ, ಆ ನೆರಳು ಯಾರೆಂದು ತಿಳಿಯಿತೇ? ಅದು ಸರ್ಕಾರ.”

“ಯಾ ಸರ್ಕಾರನ್ರಿ ಬಾಯಿ,” ಎಂದಳು ಸೋನುಬಾಯಿ, ಸೊಸೆಯ ಸೊಟ್ಟ ಮೊಣಕೈ ಹಿಡಿದು ಎಲ್ಲರ ಮುಂದಕ್ಕೆ ಎಳೆಯುತ್ತ. “ಹೊತ್ತು ಬೆನ್ನಿಗಿದ್ದಾಗ ಕ್ಯಾಮೆರಾ ಹಿಡದ್ರ ನಿನ್ನ ನೆರಳು ಫೋಟೋದಾಗ ಬೀಳ್ತದ ಅಂತ ನನ್ನ ಮಗ ಈಕಿಗಿ ಎಷ್ಟ್ ಸಲ ಹೇಳ್ಯಾನ.”