ದೇವರ ಮಾಡಕ್ಕೆ ಹೋದ ಬಂಗಾರದ ಹಾಳೆ

ದೀಪಾವಳಿ ಮುಗಿದ ಮೇಲೆ ಗಿಫ್ಟ್ ಪೇಪರ್ ಬಿಚ್ಚುವಾಗ, ಅದರ ಅಂಟಿನ ವಾಸನೆಗೆ ನನಗೆ ಇವತ್ತಿಗೂ ಬ್ಯಾಡಗಿಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ದುಡಿಯುತ್ತಿದ್ದ ಮೆಣಸಿನಕಾಯಿ ಅಂಗಡಿಯ ಸಾಹುಕಾರರು ಹಬ್ಬಕ್ಕೆ ಮಿಠಾಯಿ ಡಬ್ಬಿ ಕೊಟ್ಟಿದ್ದರು. ಅದಕ್ಕೆ ಸುತ್ತಿದ್ದ ಬಂಗಾರ ಬಣ್ಣದ ಹಾಳೆಯನ್ನು ಅವ್ವ ಒದ್ದೆ ಬೆರಳಿನಿಂದ ಮೆಲ್ಲಗೆ ಬಿಡಿಸಿದಳು. ದೇವರ ದಯೆ, ಎಲ್ಲೂ ಹರಿಯಲಿಲ್ಲ. ಅದರ ಮೇಲೆ ಬಿಸಿನೀರಿನ ತಂಬಿಗೆ ಆಡಿಸಿ ಸುಕ್ಕು ತೆಗೆದಳು. ಶಾಲೆಯಲ್ಲಿ ನನ್ನ ಪಕ್ಕ ಕೂಡುವ ಹುಡುಗಿಯ ನೋಟ್‌ಬುಕ್ಕಿಗೆ ಅಂಥದ್ದೇ ಕವರ್ ಇತ್ತು. ದಿನಾ ಅದನ್ನು ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು. ಓಡಿಹೋಗಿ ನನ್ನ ನೋಟ್‌ಬುಕ್ಕನ್ನೂ ತಂದು ಅವ್ವನ ಮುಂದಿಟ್ಟೆ.

ಅವ್ವ ಹಾಳೆಯನ್ನು ಒಯ್ದು, ಗೋಡೆಯ ಗೂಡಿನಂತಿದ್ದ ದೇವರ ಮಾಡದೊಳಗೆ, ದೇವರ ಹಿಂದೆ ಅಂಟಿಸಿಬಿಟ್ಟಳು.

"ದೇವರೇನು ಸಾಲಿಗೆ ಹೋಗ್ತಾನೇನಬೇ?" ಅಂದೆ.

"ನಿನ್ನ ಬುಕ್ಕು ಬ್ಯಾಸಗಿಗೆ ರದ್ದಿಗೆ ಹೋಗ್ತೈತಿ. ಇಲ್ಲಿದ್ರ ದಿನಾ ನೋಡಬಹುದಲ್ಲ, ಹುಚ್ಚಿ."

ಸಂಜೆ ದೀಪ ಹಚ್ಚಿದಾಗ ಮಾಡವೆಲ್ಲ ಝಗಝಗ ಹೊಳೆಯಿತು. ನನ್ನ ಹಾಳೆ ಕಸಿದುಕೊಂಡು ಕುಳಿತ ದೇವರನ್ನು ನೋಡಲೇಬಾರದೆಂದು ನಾನು ಕಣ್ಣು ಬಿಗಿಯಾಗಿ ಮುಚ್ಚಿ ಕೈ ಮುಗಿದೆ.

"ನೋಡ್ರಿ, ಇಷ್ಟು ಸಣ್ಣ ವಯಸ್ಸಿನ್ಯಾಗ ನಿಮ್ಮ ಮಗಳಿಗೆ ಎಷ್ಟು ಭಕ್ತಿ ಐತಿ," ಅಂತ ಅವ್ವ ಅಪ್ಪನಿಗೆ ಮೆಲ್ಲಗೆ ಹೇಳಿದಳು.