ಎದೆಗೆ ಕಟ್ಟಿದ ಮಲ್ಲಿಗೆ

ಲಟ್ಟಣಿಗೆಯ ಎರಡನೆಯ ಏಟಿಗೆ ಬಾಣಂತಿ ರಾಜಶ್ರೀಯ ಕೈ ಹಿಂದೆ ಸರಿಯಿತು. ಹಿತ್ತಲ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ ಅಲಮೇಲು ತೆರೆದ ಕಿಟಕಿಯಿಂದ ಅದನ್ನು ಕಣ್ಣಾರೆ ಕಂಡರು. ಚಾಪೆಯ ಮೇಲೆ ಮಗು ಕಿರುಚುತ್ತಿತ್ತು. ರಾಜಶ್ರೀ ಮತ್ತೆ ಅದರತ್ತ ಕೈ ಚಾಚಿದಳು. ಅತ್ತೆ ತಂಗೆವ್ವ ಮತ್ತೆ ಹೊಡೆದಳು, ಈ ಸಲ ಗೆಣ್ಣಿನ ಮೇಲೆ. ಆಮೇಲೆ ಕಿಟಕಿ ಮುಚ್ಚಿಕೊಂಡಿತು.

ಬಿ.ಟಿ.ಎಂ. ಎರಡನೇ ಹಂತದ ತಮ್ಮ ಮನೆಯ ಹಿಂಭಾಗವನ್ನು ಅಲಮೇಲು ಇವರಿಗೆ ಬಾಡಿಗೆಗೆ ಕೊಟ್ಟು ಮೂರು ತಿಂಗಳಾಗಿತ್ತು. ಅತ್ತೆ, ಸೊಸೆ ಇಬ್ಬರೇ. ಬಾಗಲಕೋಟೆ ಕಡೆಯವರು. ಮೊದಲು ಗೊಟ್ಟಿಗೆರೆಯಲ್ಲಿದ್ದರಂತೆ. ಯಾಕೆ ಬಿಟ್ಟಿರಿ ಅಂದರೆ ನೀರಿನ ತೊಂದರೆ ಅಂದಿದ್ದರು. ತಂದ ಪಾತ್ರೆಗಳೆಲ್ಲ ಯಾರೋ ಬೀದಿಗೆ ಎಸೆದಂತೆ ನೆಗ್ಗಿದ್ದವು. ತಂಗೆವ್ವನ ಮಗ ಬಸವಂತ ಯಾವುದೋ ಆಫೀಸಿನಲ್ಲಿ ಸೆಕ್ಯುರಿಟಿ ಕೆಲಸದಲ್ಲಿದ್ದ. ಒಣಗಿ ಕಡ್ಡಿಯಾಗಿ, ಕೆಮ್ಮಿ ಕೆಮ್ಮಿ ಸತ್ತನಂತೆ. ಟಿ.ಬಿ. ಆಗ ಸೊಸೆಗೆ ಐದು ತಿಂಗಳು. ಹನ್ನೊಂದು ದಿನದ ಹಿಂದೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು.

ಅಪ್ಪನನ್ನು ನುಂಗಿಕೊಂಡು ಹುಟ್ಟಿದ ಹೆಣ್ಣು, ಅತ್ತೆಗೆ ಬೇಡವಾಗಿದೆ. ಅಲಮೇಲು ಹಾಗಂದುಕೊಂಡರು.

ಬರೀ ಅಂದುಕೊಂಡದ್ದಲ್ಲ. ಈ ಹನ್ನೊಂದು ದಿನದಲ್ಲಿ ಮಗುವನ್ನು ತಾಯಿಯ ಮಡಿಲಲ್ಲಿ ಅವರು ಒಮ್ಮೆಯೂ ನೋಡಿರಲಿಲ್ಲ. ತಂಗೆವ್ವ ಒಳಲೆಯನ್ನು ಗಳಗಳ ಕುದಿಸಿ ಅದರಲ್ಲಿ ಬೆಳ್ಳಗಿನ ಏನನ್ನೋ ಕುಡಿಸುತ್ತಾಳೆ. ಯಾರಾದರೂ ಬಂದರೆ ಸೆರಗು ಮುಚ್ಚುತ್ತಾಳೆ. ಗಂಜಿ ತಿಳಿಯೇ ಇರಬೇಕು. ತಾಯಿಗೆ ಹಾಲು ಬರಲ್ಲವಾ ಎಂದು ಕೇಳಿದ್ದಕ್ಕೆ, ನಮ್ಮ ಕೂಸು ನಮಗ ಬಿಡ್ರಿ ಎಂದು ಬಾಗಿಲು ಹಾಕಿಕೊಂಡಿದ್ದಳು. ಮಧ್ಯಾಹ್ನ ಹೊಡೆದ ಕೈಗೆ ಸಂಜೆ ತಾನೇ ಕೊಬ್ಬರಿ ಎಣ್ಣೆ ತಿಕ್ಕುತ್ತ ಕೂರುತ್ತಾಳೆ. ಎಂಥ ನಾಟಕ.

ಇದರ ಮೇಲೆ ಮಲ್ಲಿಗೆ ಬೇರೆ. ಗಂಡ ಸತ್ತವಳ ಮನೆಗೆ ದಿನಾ ಎರಡು ಮೊಳ. ಒದ್ದೆ ಕೈ ಒರೆಸಿಕೊಂಡು ಅಲಮೇಲು ಗೇಟಿಗೆ ಹೋದರು. ಹೂವಿನ ಮುನಿವೆಂಕಟಮ್ಮ ಆಗಷ್ಟೇ ಬುಟ್ಟಿ ಇಳಿಸುತ್ತಿದ್ದಳು. ಆ ಹೂವು ಯಾರ ತಲೆಗೆ ಎಂದು ಕೇಳಿದರು.

"ತಲೆಗಲ್ಲ ಅಕ್ಕ. ಆ ಮುದುಕಿ ಸೊಸೆ ಎದೆಗೆ ಕಟ್ತಾಳೆ, ಹಾಲು ಬತ್ತಲಿ ಅಂತ. ಕೂಸು ಸತ್ತೋದ ಬಾಣಂತೀರಿಗೆ ಕಟ್ಟೋದು ಅದು."

"ಇವಳ ಕೂಸು ಬದುಕಿದೆಯಲ್ಲೇ."

"ಅದಕ್ಕೇ ಹೇಳಿದ್ದು. ಮುದುಕಿ ಮೊದ್ಲೇ ಕಟ್ಟವ್ಳೆ."

ಒಳಗಿನಿಂದ ಮತ್ತೊಂದು ಏಟಿನ ಸದ್ದು ಬಂತು. ಮಗುವಿನ ಅಳು ಕೀರಲಾಗಿ, ಮಧ್ಯೆ ಮಧ್ಯೆ ನಿಂತು ನಿಂತು ಬರುತ್ತಿತ್ತು. ಇವತ್ತು ಬಿಟ್ಟರೆ ನಾಳೆ ಇದು ಉಳಿಯುವುದಿಲ್ಲ ಎಂದು ಅಲಮೇಲುಗೆ ಖಾತ್ರಿಯಾಯಿತು. ಅವರು ಬಾಗಿಲು ತಟ್ಟಲಿಲ್ಲ, ಭುಜ ಕೊಟ್ಟು ನೂಕಿದರು. ಮುನಿವೆಂಕಟಮ್ಮ ಒದ್ದಳು. ಚಿಲಕ ಕಿತ್ತು ಬಂತು.

ತಂಗೆವ್ವ ಮಗುವನ್ನು ಬಾಚಿ ಎತ್ತಿಕೊಂಡು ಗೋಡೆಗೆ ಒತ್ತಿ ನಿಂತಳು. ಹತ್ತಿರ ಹೋದ ಅಲಮೇಲು ಅವರ ಮೊಣಕೈಗೆ ಲಟ್ಟಣಿಗೆ ಬೀಸಿದಳು. ಮುನಿವೆಂಕಟಮ್ಮ ಅವಳ ತುರುಬು ಹಿಡಿದು ತಲೆಯನ್ನು ಗೋಡೆಗೆ ಬಡಿದಳು. ಮತ್ತೊಮ್ಮೆ ಬಡಿದಳು. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಮಗುವನ್ನು ಹಿಡಿದ ಕೈ ಮಾತ್ರ ಸಡಿಲವಾಗಲಿಲ್ಲ. ಅಲಮೇಲು ಆ ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆ ಮುರಿದು ಬಿಡಿಸಿದರು. ಒಂದು ಲಟಕ್ಕೆಂದಿತು.

"ಯಾಕೆ ಕೊಲ್ತಿದೀಯ ಇದನ್ನ? ಬಾಯಿ ಬಿಡು."

ತಂಗೆವ್ವ ಸೊಸೆಯ ಮುಖ ನೋಡಿದಳು. "ಹೇಳಾಕ ಬರಂಗಿಲ್ರಿ. ಹೇಳಿದ್ರ ಈ ಮನಿನೂ ಕೈ ಬಿಟ್ಟು ಹೋಗತೈತಿ."

ಮನೆ ಹೋಗೋದಷ್ಟೇ ಅಲ್ಲ, ಜೈಲಿಗೂ ಹೋಗ್ತೀಯ ಎಂದು ಅಲಮೇಲು ಅವಳ ಕೆನ್ನೆಗೆ ಬಾರಿಸಿದರು. ಅವಳು ಕುಸಿದು ಕೂತಳು.

ಮಗುವನ್ನು ನೀಡಿದರೆ ರಾಜಶ್ರೀ ತೆಗೆದುಕೊಳ್ಳಲಿಲ್ಲ. ಬ್ಯಾಡ್ರಿ, ಬ್ಯಾಡ್ರಿ ಎನ್ನುತ್ತ ಮೂಲೆಗೆ ತೆವಳಿದಳು. ಕಣ್ಣು ಮಾತ್ರ ಮಗುವಿನ ಮೇಲಿಂದ ಕದಲಲಿಲ್ಲ. ಅತ್ತೆಯ ಭಯ ಎಂದರು ಅಲಮೇಲು. ಬಾಣಂತಿ ಸನ್ನಿ ಎಂದಳು ಮುನಿವೆಂಕಟಮ್ಮ. ಎರಡಕ್ಕೂ ಒಂದೇ ಮದ್ದು. ಮುನಿವೆಂಕಟಮ್ಮ ಅವಳನ್ನು ಚಾಪೆಗೆ ಕೆಡವಿ, ಎರಡೂ ಕೈಗಳನ್ನು ತಲೆಯ ಮೇಲೆ ಒತ್ತಿ ಹಿಡಿದಳು. ಅಲಮೇಲು ರವಿಕೆ ಹರಿದು, ಬಿಗಿದು ಕಟ್ಟಿದ್ದ ಬಟ್ಟೆಯನ್ನು ಹಲ್ಲಿನಿಂದ ಬಿಚ್ಚಿದರು. ಬಾಡಿದ ಮಲ್ಲಿಗೆ ಉದುರಿತು. ಎದೆ ಕಲ್ಲಾಗಿತ್ತು, ಹಾಲು ಸುರಿಯುತ್ತಿತ್ತು.

"ಅತ್ತಿ, ಬಿಡಸ್ರಿ," ಎಂದು ರಾಜಶ್ರೀ ಚೀರಿದಳು.

ಹೊಡೆಯುವವಳನ್ನೇ ಕರೆಯುತ್ತಿದ್ದಾಳೆ, ತಲೆ ಪೂರ್ತಿ ಕೆಟ್ಟಿದೆ. ತಂಗೆವ್ವ ಅಂಬೆಗಾಲಿಕ್ಕಿ ಬಂದು ಅಲಮೇಲು ಅವರ ಸೆರಗಿಗೆ ಕೈ ಹಾಕಿದಳು. ಅಲಮೇಲು ತಿರುಗಿ ನೋಡದೆ ಒದ್ದರು. ಆಮೇಲೆ ಮಗುವಿನ ಬಾಯನ್ನು ಮೊಲೆಗೆ ಹಚ್ಚಿದರು.

ಮಗು ತಡಕಾಡಿತು, ಕಚ್ಚಿಕೊಂಡಿತು. ಗುಟುಕು ಗುಟುಕಾಗಿ ಕುಡಿಯತೊಡಗಿತು. ಅಳು ನಿಂತಿತು. ಅಲಮೇಲುಗೆ ಕಣ್ಣು ತುಂಬಿ ಬಂತು.

"ಕುಡಿ ಕಂದ. ಇನ್ಮೇಲೆ ಯಾರೂ ಕಿತ್ಕೊಳಲ್ಲ."

ರಾಜಶ್ರೀಯ ಒದ್ದಾಟ ನಿಂತುಹೋಯಿತು. ಮುನಿವೆಂಕಟಮ್ಮ ಹಿಡಿತ ಬಿಟ್ಟರೂ ಅವಳು ಕೈ ಕೆಳಗಿಳಿಸಲಿಲ್ಲ. ಸೂರು ನೋಡುತ್ತ, ಯಾರಿಗೂ ಅಲ್ಲವೆಂಬಂತೆ ಮಾತಾಡಿದಳು.

"ನನಗ ಎಚ್‌ಐವಿ ಐತ್ರಿ. ಕೂಸಿಗೆ ಬರಬಾರದಂತ ಹೆರಿಗಿ ಹೊತ್ತಿಗೆ ಗುಳಿಗಿ ನುಂಗಿದ್ದೆ, ಅದರ ಬಾಯಿಗೂ ಔಷಧ ಹಾಕಿಸಿದ್ದೆ. ಇನ್ನ ಎದಿಹಾಲೊಂದು ಕೊಡಬಾರದಿತ್ತು."

ಅಲಮೇಲು ಅವರ ಅಂಗೈ ಇನ್ನೂ ಮಗುವಿನ ತಲೆಯನ್ನು ಒತ್ತಿ ಹಿಡಿದಿತ್ತು.

"ಅದು ಅತ್ತರ ನನಗ ತಡ್ಕೊಳ್ಳಾಕ ಆಗಂಗಿಲ್ಲ, ಕೈ ಚಾಚಿದ್ರ ಹೊಡೀರಿ ಅಂತ ಅತ್ತಿ ಕಡಿಂದ ನಾನಽ ಆಣಿ ಮಾಡಿಸ್ಕೊಂಡಿದ್ದೆ."