ಹತ್ತೊಂಬತ್ತನೇ ನಂಬರು

ಹತ್ತೊಂಬತ್ತನೇ ನಂಬರಿನ ರಕ್ತ ಶರ್ವಾಣಿಯ ಮೂರು ವರ್ಷದ ಶ್ರಮಕ್ಕೆ ಕಲ್ಲು ಹಾಕಿತ್ತು. ಹೊಟ್ಟೆಯ ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಿದವರ ರಕ್ತದಲ್ಲಿ ಮೈಕ್ರೋ ಆರ್‌ಎನ್‌ಎ ಎಂಬ ಒಂದು ಪುಟ್ಟ ಅಣುವಿನ ಪ್ರಮಾಣ ವಿಪರೀತ ಏರುತ್ತದೆ ಎಂಬುದು ಅವಳ ಪ್ರಬಂಧದ ವಾದ. ಅಂಥ ಅರವತ್ತು ರೋಗಿಗಳಲ್ಲೂ ಅದು ಏರಿತ್ತು. ಹೋಲಿಕೆಗೆಂದು ರಕ್ತ ಕೊಟ್ಟ ಇಪ್ಪತ್ತು ಆರೋಗ್ಯವಂತರಲ್ಲಿ ಏರಿರಲಿಲ್ಲ, ಈ ಒಬ್ಬರನ್ನು ಬಿಟ್ಟು.

ನಾಲ್ಕನೇ ಸಲವೂ ಅದೇ ಫಲಿತಾಂಶ ಕಂಡು ಅವಳ ಮಾರ್ಗದರ್ಶಕರಾದ ಪ್ರೊಫೆಸರ್ ಎಂದಿನಂತೆ ಎರಡು ತುತ್ತಿಗೇ ಊಟದ ಡಬ್ಬಿ ಮುಚ್ಚಿದರು.

"ಆರೋಗ್ಯವಾಗಿರೋರ ರಕ್ತದಲ್ಲಿ ಇಷ್ಟು ಹೇಗಮ್ಮ ಬರುತ್ತೆ? ರೋಗಿಗಳ ರಕ್ತದ ಜೊತೆ ಬೆರೆಸಿಬಿಟ್ಟಿದೀಯ."

"ಇಲ್ಲ ಸರ್, ಪ್ರತಿ ಸಲಾನೂ ಹೊಸ ಟ್ಯೂಬ್ ತಗೊಂಡಿದೀನಿ."

"ಹಾಗಾದ್ರೆ ನಿನ್ನ ವಾದಾನೇ ತಪ್ಪು. ಎರಡರಲ್ಲಿ ಒಂದು ಒಪ್ಕೋ, ಇಲ್ಲಾ ಮತ್ತೆ ಮಾಡು."

ಎರಡೂ ಅಲ್ಲ ಎಂದು ಕಿರುಚಬೇಕೆನಿಸಿತು. ಮೆಟ್ಟಿಲಿಳಿದು, ರಕ್ತ ತೆಗೆಯುವ ಲೀಲಮ್ಮನ ಕೋಣೆಗೆ ನಡೆದಳು. ಯಾವ ನಂಬರು ಯಾರದೆಂಬುದು ಇದ್ದದ್ದು ಅವರ ರಿಜಿಸ್ಟರಿನಲ್ಲಿ ಮಾತ್ರ.

"ಲೀಲಮ್ಮ, ಈ ಹತ್ತೊಂಬತ್ತು ಯಾವ ಪುಣ್ಯಾತ್ಮರದು? ನನ್ನ ಪಿಎಚ್‌ಡಿನೇ ಮುಳುಗಿಸ್ತಿದೆ. ಕರೆಸಿ, ಇನ್ನೊಂದು ಸಲ ರಕ್ತ ತೆಗೀರಿ. ನಾನು ಬೆರೆಸಿಲ್ಲ ಅಂತ ಸರ್‌ಗೆ ತೋರಿಸ್ತೀನಿ."

ಲೀಲಮ್ಮ ರಿಜಿಸ್ಟರ್ ಬಿಡಿಸಿ, ಸಾಲಿನ ಮೇಲೆ ಬೆರಳಿಟ್ಟು ನಕ್ಕರು.

"ಕರೆಸೋದೇನು ಬಂತಮ್ಮ, ಮೇಲಿನ ಮಹಡೀಲೇ ಇದ್ದಾರಲ್ಲ! ಆವತ್ತು ಒಬ್ರು ಕಮ್ಮಿ ಬಿದ್ರು ಅಂತ ಶರ್ಟಿನ ತೋಳು ಮಡಚಿ ಕೂತವರು ನಿಮ್ಮ ಸರ್ರೇ."